ಭಾಗಿಸಿದರೆ ಓಮ್, ಗುಣಿಸಿದರೆ ವ್ಯಾಟ್

ತಂತಿ ಕಾದು ಹೊಳೆಯುವ ಹಳೆಯ ಕಾಲದ ಬಲ್ಬುಗಳು ಈಗ ಅಂಗಡಿಗಳಲ್ಲಿ ಅಪರೂಪ. ಆದರೂ ಬಚ್ಚಲಲ್ಲೋ ದನದ ಕೊಟ್ಟಿಗೆಯಲ್ಲೋ ಒಂದು ಸಿಕ್ಕೀತು. ಅದರ ಗಾಜಿನ ನೆತ್ತಿಯ ಮೇಲೆ 230 ವೋಲ್ಟ್, 60 ವ್ಯಾಟ್ ಎಂದು ಅಚ್ಚಾಗಿರುತ್ತದೆ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಹತ್ತನೇ ತರಗತಿಯ ಲೆಕ್ಕ. 60ನ್ನು 230ರಿಂದ ಭಾಗಿಸಿದರೆ 0.26, ಅಷ್ಟು ಆಂಪಿಯರ್ ಕರೆಂಟು ಆ ಬಲ್ಬಿನಲ್ಲಿ ಹರಿಯಬೇಕು. 230ನ್ನು ಈ ಕರೆಂಟಿನಿಂದ ಭಾಗಿಸಿದರೆ ತಂತಿಯ ರೋಧ ಸಿಗುತ್ತದೆ: ಸುಮಾರು 880 ಓಮ್.

ಈಗ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ, ಆರಲು ಬಿಡಿ. ಮಲ್ಟಿಮೀಟರನ್ನು ಓಮ್ ಗುರುತಿಗೆ ತಿರುಗಿಸಿ, ಅದರ ಕೆಂಪು, ಕಪ್ಪು ಕಡ್ಡಿಗಳನ್ನು ಬಲ್ಬಿನ ಬುಡದಲ್ಲಿರುವ ಎರಡು ಬೆಸುಗೆಯ ಬೊಟ್ಟುಗಳಿಗೆ ಮುಟ್ಟಿಸಿ. ಮೀಟರು 880 ತೋರಿಸುವುದಿಲ್ಲ. 65ರ ಆಸುಪಾಸಿನ ಯಾವುದೋ ಒಂದು ಸಂಖ್ಯೆ ತೋರಿಸುತ್ತದೆ. ಅದೇ ನಿಜವಾದರೆ ಕರೆಂಟು 230 ಭಾಗಿಸು 65, ಅಂದರೆ ಮೂರೂವರೆ ಆಂಪಿಯರ್. ಅದನ್ನು 230ರಿಂದ ಗುಣಿಸಿದರೆ 800 ವ್ಯಾಟ್ ದಾಟುತ್ತದೆ. ಅರವತ್ತರ ಬಲ್ಬು ಇಸ್ತ್ರಿ ಪೆಟ್ಟಿಗೆಯಷ್ಟು ಕರೆಂಟು ತಿನ್ನಬೇಕು!

ಲೆಕ್ಕ ತಪ್ಪಿಲ್ಲ, ಮೀಟರು ಕೆಟ್ಟಿಲ್ಲ, ಬಲ್ಬು ತಯಾರಿಸಿದವರೂ ಸುಳ್ಳು ಅಚ್ಚು ಹಾಕಿಲ್ಲ. ಇಷ್ಟಾದರೂ ಎರಡು ಉತ್ತರಗಳ ನಡುವೆ ಹದಿಮೂರು ಪಟ್ಟು ಅಂತರ. ವೋಲ್ಟೇಜನ್ನೂ ಕರೆಂಟನ್ನೂ ಭಾಗಿಸಿ ರೋಧ ಕಂಡುಹಿಡಿಯುವುದು, ಗುಣಿಸಿ ವ್ಯಾಟ್ ಕಂಡುಹಿಡಿಯುವುದು ಶಾಲೆಯಲ್ಲಿ ಎರಡೇ ಪೀರಿಯಡ್ಡಿನಲ್ಲಿ ಮುಗಿದುಹೋಗುವ ಪಾಠ. ಆದರೆ ಆ ಭಾಗಾಕಾರದಿಂದ ಬಂದ ಸಂಖ್ಯೆ ಯಾವ ಹೊತ್ತಿನದು, ಯಾವ ಸ್ಥಿತಿಯದು ಎಂದು ಕೇಳದೆ ಹೋದರೆ ಈ ಬಲ್ಬಿನಂತೆ ಅದು ನಮ್ಮನ್ನು ಯಾಮಾರಿಸುತ್ತದೆ. ಈ ಅಧ್ಯಾಯ ಪೂರ್ತಿ ಆ ಪ್ರಶ್ನೆಯ ಹಿಂದೆ ಹೋಗುತ್ತದೆ.

ಮೊದಲು ಅಳತೆಗಳನ್ನು ಹಿಡಿದುಕೊಳ್ಳೋಣ. ಆಂಪಿಯರ್ ಎಂದರೆ ಒಂದು ಸೆಕೆಂಡಿಗೆ ತಂತಿಯ ಒಂದು ಜಾಗವನ್ನು ಎಷ್ಟು ವಿದ್ಯುದಂಶ ದಾಟಿತು ಎಂಬ ಎಣಿಕೆ. ನಮ್ಮ ಬಲ್ಬಿನ 0.26 ಆಂಪಿಯರ್ ಅಂದರೆ ಸೆಕೆಂಡಿಗೆ ಹದಿನಾರು ಲಕ್ಷ ಕೋಟಿಯ ಒಂದು ಲಕ್ಷ ಪಟ್ಟು ಎಲೆಕ್ಟ್ರಾನುಗಳು. ಹೀಗೆ ಬಾಯಲ್ಲಿ ಹೇಳುವುದೇ ಕಷ್ಟವಾದ್ದರಿಂದ ಆಂಪಿಯರ್ ಎಂಬ ದೊಡ್ಡ ಅಳತೆ ಬೇಕಾಯಿತು. ವೋಲ್ಟ್ ಎಂದರೆ ಅಷ್ಟಷ್ಟು ವಿದ್ಯುದಂಶ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗುವಷ್ಟರಲ್ಲಿ ಎಷ್ಟು ಶಕ್ತಿಯನ್ನು ಕೊಟ್ಟುಹೋಯಿತು ಎಂಬುದು. ವಿದ್ಯುದಂಶದ ಅಳತೆ ಕೂಲಾಮ್, ಶಕ್ತಿಯ ಅಳತೆ ಜೂಲ್. ಒಂದು ಕೂಲಾಮಿಗೆ ಎಷ್ಟು ಜೂಲ್ ಎಂಬುದು ವೋಲ್ಟ್. ಸೆಕೆಂಡಿಗೆ ಎಷ್ಟು ಕೂಲಾಮ್ ಎಂಬುದು ಆಂಪಿಯರ್. ಎರಡನ್ನೂ ಗುಣಿಸಿದರೆ ಕೂಲಾಮು ಹೊಡೆದುಹೋಗಿ ಸೆಕೆಂಡಿಗೆ ಇಷ್ಟು ಜೂಲ್ ಎಂದು ಉಳಿಯುತ್ತದೆ. ಅದೇ ವ್ಯಾಟ್. ಗುಣಾಕಾರದ ಹಿಂದೆ ಇರುವುದು ಇಷ್ಟೇ. ಇದರಲ್ಲಿ ಯಾವ ವಸ್ತುವಿನ ಗುಣವೂ ಸೇರಿಲ್ಲ, ಆದ್ದರಿಂದ ಇದು ಬಲ್ಬಿಗೂ ಸರಿ, ಬ್ಯಾಟರಿಗೂ ಸರಿ, ಮೊಬೈಲಿಗೂ ಸರಿ.

ಭಾಗಾಕಾರದ ಕಥೆ ಬೇರೆ. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿ ಬಂದದ್ದಕ್ಕೆ ಓಮ್ ಎಂದು ಹೆಸರಿಡುವುದು ಸುಲಭ. ಆದರೆ ವೋಲ್ಟೇಜನ್ನು ಎರಡು ಪಟ್ಟು ಮಾಡಿದಾಗ ಕರೆಂಟೂ ಎರಡು ಪಟ್ಟಾಗಿ ಭಾಗಲಬ್ಧ ಕದಲದೆ ನಿಲ್ಲಬೇಕು ಎಂದು ಪ್ರಕೃತಿಗೆ ಯಾರೂ ಕಟ್ಟುಪಾಡು ಹಾಕಿಲ್ಲ. ಹಾಗೆ ನಿಲ್ಲುತ್ತದೆ ಎಂದು ಅಳೆದು ತೋರಿಸಬೇಕಾಯಿತು.

ಬೀಗದ ಕೆಲಸದವನ ಮಗ

ಅಳೆದು ತೋರಿಸಿದವನು ಗಿಯೋರ್ಗ್ ಸೈಮನ್ ಓಮ್. ಹುಟ್ಟಿದ್ದು 1789ರಲ್ಲಿ, ಬವೇರಿಯಾದ ಎರ್ಲಾಂಗನ್‌ನಲ್ಲಿ. ಅಪ್ಪ ಬೀಗ ಮಾಡುವ ಕಸುಬಿನವನು. ತಾನೇ ಓದಿಕೊಂಡು ಗಣಿತ ಕಲಿತು ಮಕ್ಕಳಿಗೂ ಕಲಿಸಿದವನು. ತಮ್ಮ ಮಾರ್ಟಿನ್ ಕೂಡ ಮುಂದೆ ಗಣಿತಜ್ಞನಾದ. ಓಮ್ ಕಲೋನ್ ಊರಿನ ಒಂದು ಪ್ರೌಢಶಾಲೆಯಲ್ಲಿ ಮೇಷ್ಟರಾಗಿದ್ದಾಗ, ಶಾಲೆಯ ಪ್ರಯೋಗಶಾಲೆಯನ್ನೇ ಬಳಸಿಕೊಂಡು ಈ ಕೆಲಸಕ್ಕೆ ಕೈಹಾಕಿದ.

ಅವನಿಗಿದ್ದ ತೊಡಕನ್ನು ಇವತ್ತು ಊಹಿಸುವುದೂ ಕಷ್ಟ. ವೋಲ್ಟ್ ಮೀಟರ್ ಇಲ್ಲ, ಆಂಪಿಯರ್ ಮೀಟರ್ ಇಲ್ಲ, ವೋಲ್ಟ್ ಎಂಬ ಮಾತೇ ಇಲ್ಲ. ಇದ್ದದ್ದು ವೋಲ್ಟಾ 1800ರಲ್ಲಿ ತೋರಿಸಿಕೊಟ್ಟ ಬಿಲ್ಲೆಗಳ ಬ್ಯಾಟರಿ. ಅದಕ್ಕೆ ತಂತಿ ಜೋಡಿಸಿದ ಗಳಿಗೆಯಿಂದಲೇ ಅದು ಸೊರಗಲು ಶುರುವಾಗುತ್ತಿತ್ತು. ಒಂದು ತಂತಿಯನ್ನು ಅಳೆದು ಇನ್ನೊಂದನ್ನು ಜೋಡಿಸುವಷ್ಟರಲ್ಲಿ ಬ್ಯಾಟರಿಯೇ ಬೇರೆಯಾಗಿರುತ್ತಿತ್ತು. ತಕ್ಕಡಿಯ ಬಟ್ಟೇ ದಿನದಿನಕ್ಕೆ ಸವೆಯುತ್ತಿದ್ದರೆ ತೂಕ ಮಾಡುವುದು ಹೇಗೆ? 1825ರಲ್ಲಿ ಅವನು ಪ್ರಕಟಿಸಿದ ಮೊದಲ ಸೂತ್ರ ಸರಿಬರಲಿಲ್ಲ.

ಪೊಗೆನ್‌ಡಾರ್ಫ್ ಎಂಬ ಭೌತವಿಜ್ಞಾನಿ ಒಂದು ದಾರಿ ಸೂಚಿಸಿದ. ನಾಲ್ಕೈದು ವರ್ಷ ಹಿಂದಷ್ಟೇ ಸೀಬೆಕ್ ಎಂಬಾತ ಒಂದು ಹೊಸ ಸಂಗತಿ ಕಂಡಿದ್ದ: ಎರಡು ಬೇರೆ ಲೋಹಗಳನ್ನು ಎರಡು ಕಡೆ ಬೆಸೆದು, ಒಂದು ಬೆಸುಗೆಯನ್ನು ಬಿಸಿಯಾಗಿಯೂ ಇನ್ನೊಂದನ್ನು ತಣ್ಣಗೂ ಇಟ್ಟರೆ ಅದರಲ್ಲಿ ಕರೆಂಟು ಹರಿಯುತ್ತದೆ. ಓಮ್ ಬಿಸ್ಮತ್ ಲೋಹದ ಒಂದು ಸರಳನ್ನು ತೆಗೆದುಕೊಂಡು ಅದರ ಎರಡೂ ತುದಿಗೆ ತಾಮ್ರದ ಪಟ್ಟಿ ಬಿಗಿದ. ಒಂದು ತುದಿಯನ್ನು ಕುದಿಯುವ ನೀರಿಗೆ, ಇನ್ನೊಂದನ್ನು ಕರಗುತ್ತಿರುವ ಮಂಜುಗಡ್ಡೆಗೆ ಇಳಿಬಿಟ್ಟ. ನೀರು ಎಷ್ಟು ಹೊತ್ತು ಕುದಿದರೂ ಒಂದೇ ಬಿಸಿ. ಮಂಜು ಕರಗಿ ಮುಗಿಯುವ ತನಕ ಒಂದೇ ತಂಪು. ಹೀಗಾಗಿ ವೋಲ್ಟೇಜು ಅತಿ ಚಿಕ್ಕದಾದರೂ ಕದಲದಂತೆ ನಿಂತಿತು. ಒಲೆ, ಪಾತ್ರೆ, ಮಂಜುಗಡ್ಡೆ ಇವುಗಳಿಂದ ಆ ಕಾಲದ ಅತ್ಯಂತ ನಂಬಿಗಸ್ತ ವಿದ್ಯುತ್ ಮೂಲವನ್ನು ಅವನು ಮಾಡಿಕೊಂಡಿದ್ದ.

ಕರೆಂಟು ಅಳೆಯಲು ಅವನು ತಂತಿಯ ಮೇಲ್ಗಡೆ ಒಂದು ಅಯಸ್ಕಾಂತದ ಸೂಜಿಯನ್ನು ತೂಗುಹಾಕಿದ. ಕರೆಂಟು ಹರಿದಾಗ ಸೂಜಿ ತಿರುಗುತ್ತದೆ ಎಂದು 1820ರಲ್ಲಿ ಊರ್ಸ್ಟೆಡ್ ತೋರಿಸಿದ್ದ. ತಿರುಗಿದ ಸೂಜಿಯನ್ನು ಮತ್ತೆ ಮೊದಲಿನ ಜಾಗಕ್ಕೆ ತರಲು ತೂಗುಪಟ್ಟಿಯನ್ನು ಮೇಲಿನಿಂದ ಎಷ್ಟು ತಿರುಚಬೇಕಾಯಿತು ಎಂಬುದೇ ಓಮ್‌ನ ಆಂಪಿಯರ್. ಒಂದೇ ದಪ್ಪದ ಎಂಟು ತಾಮ್ರದ ತಂತಿಗಳು. ಅತಿ ಗಿಡ್ಡದ್ದು 2 ಅಂಗುಲ, ಅತಿ ಉದ್ದದ್ದು 130 ಅಂಗುಲ. ಒಂದೊಂದನ್ನೇ ಜೋಡಿಸಿ, ತಿರುಚಿ, ಬರೆದುಕೊಂಡು, ಮತ್ತೆ ಮೊದಲಿನಿಂದ ಅಳೆದು ಹೋಲಿಸಿ ನೋಡಿದ. ತಂತಿ ಉದ್ದವಾದಂತೆ ಕರೆಂಟು ಇಳಿಯುವ ರೀತಿ ಸರಳವಾದ ಒಂದು ಭಿನ್ನರಾಶಿಗೆ ಒಗ್ಗಿತು. ಅಂಶದಲ್ಲಿ ಬಿಸಿ-ತಂಪುಗಳ ಅಂತರವನ್ನು ಅವಲಂಬಿಸಿದ ಒಂದು ಸಂಖ್ಯೆ. ಛೇದದಲ್ಲಿ ತಂತಿಯ ಉದ್ದ, ಜೊತೆಗೆ ಎಂದೂ ಬದಲಾಗದ ಇನ್ನೊಂದು ಸಂಖ್ಯೆ. ಆ ಎರಡನೆಯದು ಉಳಿದ ಸಲಕರಣೆಯದೇ ರೋಧ. ಬ್ಯಾಟರಿಗೂ ಒಳಗೊಂದು ರೋಧ ಇರುತ್ತದೆ ಎಂದು ಈಗ ನಾವು ಹೇಳುವುದರ ಮೂಲ ಇಲ್ಲಿದೆ.

ಇದು 1826. ಮರುವರ್ಷ ಅವನು ಇದಕ್ಕೆಲ್ಲ ಗಣಿತದ ಅಂಗಿ ತೊಡಿಸಿ ಪುಸ್ತಕ ತಂದ. ಜರ್ಮನಿಯ ಪಂಡಿತವರ್ಗ ಅದನ್ನು ಆದರಿಸಲಿಲ್ಲ. ಓಮ್ ಕಲೋನಿನ ಕೆಲಸ ಬಿಟ್ಟ. 1833ರಲ್ಲಿ ನ್ಯೂರೆಂಬರ್ಗಿನ ಪಾಲಿಟೆಕ್ನಿಕ್ಕಿನಲ್ಲಿ ನೆಲೆ ಸಿಗುವ ತನಕ ಸಣ್ಣಪುಟ್ಟ ಪಾಠಗಳಲ್ಲೇ ದಿನ ಕಳೆದ. ಲಂಡನ್ನಿನ ರಾಯಲ್ ಸೊಸೈಟಿ 1841ರಲ್ಲಿ ಕಾಪ್ಲಿ ಪದಕ ಕೊಟ್ಟ ಮೇಲೆ ತಾಯ್ನಾಡಿನಲ್ಲೂ ಕಿಮ್ಮತ್ತು ಬಂತು. ಮ್ಯೂನಿಕ್ಕಿನಲ್ಲಿ ಪ್ರಾಧ್ಯಾಪಕನಾಗಿ 1854ರಲ್ಲಿ ತೀರಿಕೊಂಡ. ಅವನ ಹೆಸರು ರೋಧದ ಅಳತೆಗೆ ಅಂತಾರಾಷ್ಟ್ರೀಯವಾಗಿ ಅಂಟಿಕೊಂಡದ್ದು 1881ರ ಪ್ಯಾರಿಸ್ ಸಮ್ಮೇಳನದಲ್ಲಿ.

ಇದೇ ಸಂಗತಿಯನ್ನು ಓಮ್‌ಗಿಂತ ನಾಲ್ಕೂವರೆ ದಶಕ ಮೊದಲೇ ಹೆನ್ರಿ ಕ್ಯಾವೆಂಡಿಶ್ ಎಂಬ ಇಂಗ್ಲೆಂಡಿನ ಸಿರಿವಂತ ಕಂಡುಕೊಂಡಿದ್ದ. ಅವನ ಬಳಿ ಬ್ಯಾಟರಿಯೂ ಇರಲಿಲ್ಲ, ತಿರುಗುವ ಸೂಜಿಯೂ ಇರಲಿಲ್ಲ. ಉಪ್ಪುನೀರು ತುಂಬಿದ ಗಾಜಿನ ಕೊಳವೆಗಳ ಮೂಲಕ ವಿದ್ಯುತ್ತನ್ನು ತನ್ನ ಮೈಗೇ ಹರಿಸಿಕೊಂಡು, ಯಾವ ಕೊಳವೆಯಲ್ಲಿ ಎಷ್ಟು ಜೋರು ಶಾಕ್ ಹೊಡೆಯಿತು ಎಂದು ಹೋಲಿಸಿ ನೋಡುತ್ತಿದ್ದ. ಜನರ ಮುಖ ನೋಡುವುದಕ್ಕೇ ಅಂಜುತ್ತಿದ್ದ ಆಸಾಮಿ. ಬರೆದದ್ದನ್ನು ಪ್ರಕಟಿಸದೆ ಪೆಟ್ಟಿಗೆಯಲ್ಲಿಟ್ಟು ಸತ್ತ. 1879ರಲ್ಲಿ ಮ್ಯಾಕ್ಸ್‌ವೆಲ್ ಆ ಕಾಗದಗಳನ್ನು ಅಚ್ಚು ಹಾಕಿಸುವ ಹೊತ್ತಿಗೆ ನಿಯಮಕ್ಕೆ ಬೇರೆಯವನ ಹೆಸರು ಗಟ್ಟಿಯಾಗಿತ್ತು. ನನಗಂತೂ ಇದರಲ್ಲಿ ಅನ್ಯಾಯ ಕಾಣುವುದಿಲ್ಲ. ಕಂಡದ್ದನ್ನು ನಾಲ್ಕು ಜನಕ್ಕೆ ಹೇಳದವನಿಗೆ ಹೆಸರು ಎಲ್ಲಿಂದ ಬರಬೇಕು?

ಕಾದ ತಂತಿ, ತಣ್ಣನೆಯ ತಂತಿ

ಓಮ್ ಪ್ರಯೋಗ ಮಾಡುವಾಗ ಅವನ ತಂತಿಗಳು ಬಿಸಿಯಾಗುವಷ್ಟು ಕರೆಂಟು ಹರಿಯಲಿಲ್ಲ. ಅದೇ ಅವನ ಪುಣ್ಯ. ಲೋಹದ ರೋಧ ಬಿಸಿ ಏರಿದಂತೆ ಏರುತ್ತದೆ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ಉರಿಯುವಾಗ 2,500 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಅಲ್ಲಿ ಅದರ ರೋಧ ತಣ್ಣಗಿದ್ದಾಗಿನ ಹನ್ನೆರಡು ಹದಿನೈದು ಪಟ್ಟು. 65 ಓಮ್ ಕೂಡ ಸತ್ಯ, 880 ಓಮ್ ಕೂಡ ಸತ್ಯ. ಮೀಟರು ಅಳೆದದ್ದು ಆರಿದ ಬಲ್ಬನ್ನು, ಅಚ್ಚು ಹೇಳುತ್ತಿರುವುದು ಉರಿಯುವ ಬಲ್ಬನ್ನು.

ಸ್ವಿಚ್ ಒತ್ತಿದ ಮೊದಲ ಕ್ಷಣದಲ್ಲಿ ತಂತಿ ತಣ್ಣಗಿರುವುದರಿಂದ ಆ ಮೂರೂವರೆ ಆಂಪಿಯರ್ ನಿಜವಾಗಿಯೂ ನುಗ್ಗಬಹುದು. ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ತಂತಿ ಕಾದು, ರೋಧ ಏರಿ, ಕರೆಂಟು 0.26ಕ್ಕೆ ಇಳಿದು ನಿಲ್ಲುತ್ತದೆ. ಹಳೆಯ ಬಲ್ಬುಗಳು ಉರಿಯುತ್ತಿರುವಾಗ ಹೋಗುವುದಕ್ಕಿಂತ ಸ್ವಿಚ್ ಹಾಕಿದ ಕೂಡಲೇ ಫಳ್ ಎಂದು ಹೋಗುತ್ತಿದ್ದುದೇ ಹೆಚ್ಚು. ಕಾರಣ ಈ ನುಗ್ಗಾಟ. ಅಂದಹಾಗೆ, ನಮ್ಮ ಮನೆಗಳಲ್ಲಿ ರಾತ್ರಿಯಿಡೀ ಉರಿಯುತ್ತಿದ್ದ ‘ಝೀರೋ ಬಲ್ಬು’ ಸೊನ್ನೆ ವ್ಯಾಟಿನದೆಂದು ಎಷ್ಟೋ ಜನ ನಂಬಿದ್ದರು. ವೋಲ್ಟನ್ನು ಎಷ್ಟರಿಂದ ಗುಣಿಸಿದರೆ ಸೊನ್ನೆ ಬಂದು ಬೆಳಕೂ ಬರುತ್ತದೆ? ಅದು 10ರಿಂದ 15 ವ್ಯಾಟಿನ ಬಲ್ಬು.

ಎಲ್ಲ ತಂತಿಯೂ ಹೀಗೆ ಚಂಚಲವಲ್ಲ. ಗೀಸರಿನ, ಇಸ್ತ್ರಿ ಪೆಟ್ಟಿಗೆಯ ಕಾಯಿಲ್ ಮಾಡುವ ನೈಕ್ರೋಮ್ ಮಿಶ್ರಲೋಹ ಕೆಂಪಗೆ ಕಾದರೂ ಅದರ ರೋಧ ನೂರಕ್ಕೆ ಕೆಲವೇ ಪಾಲು ಬದಲಾಗುತ್ತದೆ. ಹಾಗಾಗಿ 2,000 ವ್ಯಾಟಿನ ಗೀಸರಿನಲ್ಲಿ ಲೆಕ್ಕವೂ ಮೀಟರೂ ಒಂದೇ ಮಾತು ಆಡುತ್ತವೆ. 2,000 ಭಾಗಿಸು 230, ಸುಮಾರು 8.7 ಆಂಪಿಯರ್, 230 ಭಾಗಿಸು 8.7, ಸುಮಾರು 26 ಓಮ್. ಇನ್ನು ಎಲ್‌ಇಡಿಯಲ್ಲಿ ಈ ಭಾಗಾಕಾರಕ್ಕೆ ಅರ್ಥವೇ ಕಡಿಮೆ. ಒಂದು ಮಟ್ಟದವರೆಗೆ ವೋಲ್ಟೇಜ್ ಏರಿಸಿದರೂ ಅದರಲ್ಲಿ ಕರೆಂಟು ಹರಿಯುವುದಿಲ್ಲ, ಮಟ್ಟ ದಾಟಿದ ಮೇಲೆ ಚೂರೇ ಏರಿಸಿದರೂ ಭರ್ರೆಂದು ಹರಿಯುತ್ತದೆ. ಓಮ್‌ನ ನಿಯಮ ಎಲ್ಲ ವಸ್ತುವಿಗೂ ಕಟ್ಟಿದ ಕಾನೂನಲ್ಲ. ಕೆಲವು ವಸ್ತುಗಳ ಒಳ್ಳೆಯ ನಡತೆಯ ವರದಿ.

ವೋಲ್ಟೇಜು ಕಡಿಮೆಯಾದರೆ

ಸಂಜೆ ಏಳರ ಹೊತ್ತಿಗೆ ಹಳ್ಳಿಯ ಮನೆಗಳಲ್ಲಿ ವೋಲ್ಟೇಜು 180ಕ್ಕೆ ಕುಸಿಯುವುದು ಹೊಸದಲ್ಲ. ಆಗ ಗೀಸರಿಗೆ ಏನಾಗುತ್ತದೆ? 26 ಓಮ್ ಹಾಗೇ ಇದೆ. ಕರೆಂಟು 6.8 ಆಂಪಿಯರಿಗೆ ಇಳಿಯುತ್ತದೆ. 180ನ್ನು 6.8ರಿಂದ ಗುಣಿಸಿದರೆ ಸುಮಾರು 1,225 ವ್ಯಾಟ್. ವೋಲ್ಟೇಜು ನೂರಕ್ಕೆ 22ರಷ್ಟು ಕುಗ್ಗಿದರೆ ಕಾವು ನೂರಕ್ಕೆ ಸುಮಾರು 39ರಷ್ಟು ಕುಗ್ಗಿತು. ವೋಲ್ಟೇಜು ಇಳಿದಾಗ ಕರೆಂಟೂ ಜೊತೆಗೆ ಇಳಿಯುವುದರಿಂದ ಪೆಟ್ಟು ಎರಡು ಸಲ ಬೀಳುತ್ತದೆ. ಪುಸ್ತಕದಲ್ಲಿ ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿ ಎಂದು ಬರೆಯುವುದು ಈ ಎರಡು ಪೆಟ್ಟುಗಳನ್ನೇ.

ಹದಿನೈದು ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು ಸುಮಾರು 22 ಲಕ್ಷ ಜೂಲ್ ಬೇಕು. 2,000 ವ್ಯಾಟಿನಲ್ಲಿ ಅದು ಹದಿನೆಂಟು ನಿಮಿಷದ ಕೆಲಸ, 1,225 ವ್ಯಾಟಿನಲ್ಲಿ ಅರ್ಧ ಗಂಟೆ. ಬಿಲ್ಲಿನಲ್ಲಿ ಮಾತ್ರ ಎರಡೂ ಒಂದೇ: 0.61 ಯೂನಿಟ್. ಅರ್ಧ ಗಂಟೆಯಲ್ಲಿ ಡ್ರಮ್ಮಿನ ಮೈಯಿಂದ ಸೋರುವ ಬಿಸಿ ಸೇರಿಸಿದರೆ ಲೋ ವೋಲ್ಟೇಜಿನಲ್ಲಿ ಒಂದಿಷ್ಟು ಹೆಚ್ಚೇ. ಕರೆಂಟು ಡಿಮ್ ಇದ್ದಾಗ ಬಿಲ್ಲೂ ಕಡಿಮೆ ಬರುತ್ತದೆ ಎಂಬ ಸಮಾಧಾನ ಗೀಸರಿನ ಮಟ್ಟಿಗೆ ಹುಸಿ.

ಇಲ್ಲಿ ಹುಷಾರಾದ ವಿದ್ಯಾರ್ಥಿಯೊಬ್ಬ ಎದ್ದುನಿಂತು ಕೇಳುವ ಪ್ರಶ್ನೆ ಒಂದಿದೆ. ವೋಲ್ಟೇಜಿನ ವರ್ಗವನ್ನು ರೋಧದಿಂದ ಭಾಗಿಸಿದರೆ ವ್ಯಾಟ್ ಎನ್ನುತ್ತೀರಿ. ಹಾಗಾದರೆ ರೋಧ ಹೆಚ್ಚಾದಷ್ಟೂ ಕಾವು ಕಡಿಮೆ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೂ ವ್ಯಾಟ್ ಎನ್ನುತ್ತೀರಿ. ಹಾಗಾದರೆ ರೋಧ ಹೆಚ್ಚಾದಷ್ಟೂ ಕಾವು ಹೆಚ್ಚು. ಯಾವುದು ನಿಜ?

ಎರಡೂ ನಿಜ; ನಿಮ್ಮ ಸರ್ಕೀಟಿನಲ್ಲಿ ಯಾವುದು ಕದಲದೆ ನಿಂತಿದೆ ಎಂಬುದನ್ನು ನೋಡಬೇಕು. ಗೋಡೆಯ ಸಾಕೆಟ್ಟಿನಲ್ಲಿ ವೋಲ್ಟೇಜು ನಿಂತಿರುತ್ತದೆ. ಅಲ್ಲಿ ಕಡಿಮೆ ರೋಧದ ಕಾಯಿಲ್ ಹೆಚ್ಚು ಕಾಯುತ್ತದೆ. ಒಂದರ ಹಿಂದೆ ಒಂದು ಜೋಡಿಸಿದ ಸರಣಿಯಲ್ಲಿ ಎಲ್ಲದರಲ್ಲೂ ಹರಿಯುವ ಕರೆಂಟು ಒಂದೇ. ಅಲ್ಲಿ ಹೆಚ್ಚು ರೋಧ ಇರುವುದೇ ಹೆಚ್ಚು ಕಾಯುತ್ತದೆ. 60 ವ್ಯಾಟಿನ ಒಂದು, 100 ವ್ಯಾಟಿನ ಒಂದು ಬಲ್ಬನ್ನು ಸರಣಿಯಲ್ಲಿ ಜೋಡಿಸಿ 230 ವೋಲ್ಟ್ ಕೊಟ್ಟು ನೋಡಿ. ನೂರರ ಬಲ್ಬು ಮಂಕಾಗಿ ಕೂತಿರುತ್ತದೆ, ಅರವತ್ತರದು ಅದಕ್ಕಿಂತ ಪ್ರಕಾಶವಾಗಿ ಉರಿಯುತ್ತದೆ. ಅರವತ್ತರ ಬಲ್ಬಿನ ರೋಧ 880, ನೂರರದು 530. ನೂರು ಎಂಬುದು ಬಲ್ಬಿನ ಹುಟ್ಟುಗುಣವಲ್ಲ, 230 ವೋಲ್ಟ್ ಪೂರ್ತಿ ಸಿಕ್ಕಾಗ ಮಾತ್ರ ಅದು ನೂರು.

ಶಿವನಸಮುದ್ರದಿಂದ ಕೋಲಾರಕ್ಕೆ

ಕರೆಂಟಿನ ವರ್ಗದ ಸಂಗತಿಯನ್ನು ಪತ್ತೆ ಮಾಡಿದ್ದು ಜೇಮ್ಸ್ ಜೂಲ್, ಇಂಗ್ಲೆಂಡಿನ ಸಾಲ್ಫರ್ಡಿನಲ್ಲಿ ಬಿಯರ್ ತಯಾರಿಸುವವರ ಮನೆಯ ಹುಡುಗ. 1840ರ ಸುಮಾರಿನಲ್ಲಿ, ಇನ್ನೂ ಇಪ್ಪತ್ತೆರಡರ ಆಸುಪಾಸಿನವನು, ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ ಥರ್ಮಾಮೀಟರ್ ನೋಡುತ್ತ ಕುಳಿತು, ಕರೆಂಟು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟಾಗುತ್ತದೆ ಎಂದು ಬರೆದಿಟ್ಟ.

ಅರವತ್ತು ವರ್ಷ ಕಳೆದ ಮೇಲೆ ಈ ‘ನಾಲ್ಕು ಪಟ್ಟು’ ಮೈಸೂರು ಸಂಸ್ಥಾನದ ಎಂಜಿನಿಯರುಗಳ ಎದುರಿಗೆ ಬಂದು ನಿಂತಿತು. ಕಾವೇರಿ ಧುಮುಕುವುದು ಶಿವನಸಮುದ್ರದಲ್ಲಿ; ಕರೆಂಟು ಬೇಕಾಗಿದ್ದುದು ಕೋಲಾರದ ಚಿನ್ನದ ಗಣಿಗಳಿಗೆ. ನಡುವೆ ಸುಮಾರು 147 ಕಿಲೋಮೀಟರ್ ತಂತಿ. 1902ರಲ್ಲಿ ಅದು ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳ ಸಾಲಿನಲ್ಲಿ ನಿಲ್ಲುವಂಥದ್ದು. ಅಷ್ಟುದ್ದದ ತಂತಿಯ ರೋಧವನ್ನು ಇಲ್ಲವಾಗಿಸಲು ಯಾರಿಂದಲೂ ಆಗದು. ದಪ್ಪ ಮಾಡಿದರೆ ರೋಧ ಇಳಿಯುತ್ತದೆ, ತಾಮ್ರದ ಖರ್ಚು ಏರುತ್ತದೆ. ಉಳಿದ ದಾರಿ ಕರೆಂಟನ್ನು ಇಳಿಸುವುದು. ಕಳಿಸಬೇಕಾದ ವ್ಯಾಟ್ ಅಷ್ಟೇ ಇರಬೇಕಾದರೆ, ಕರೆಂಟು ಇಳಿಸಿದಷ್ಟೂ ವೋಲ್ಟೇಜು ಏರಿಸಬೇಕು. ಸುಮಾರು 30 ಸಾವಿರ ವೋಲ್ಟಿಗೆ ಏರಿಸಿದರು.

ಇದರಿಂದ ಆದ ಲಾಭವನ್ನು ಕಲ್ಪಿತ ಲೆಕ್ಕವೊಂದರಲ್ಲಿ ನೋಡಬಹುದು. 30 ಸಾವಿರ ವೋಲ್ಟಿನಲ್ಲಿ ಕಳಿಸಿದಾಗ ನೂರಕ್ಕೆ ಹತ್ತು ಪಾಲು ದಾರಿಯಲ್ಲೇ ಕಾವಾಗಿ ಹೋಗುತ್ತದೆ ಎಂದುಕೊಳ್ಳಿ. ಅದೇ ತಂತಿಯಲ್ಲಿ ಅಷ್ಟೇ ವ್ಯಾಟನ್ನು 3 ಸಾವಿರ ವೋಲ್ಟಿನಲ್ಲಿ ಕಳಿಸಹೊರಟರೆ ಕರೆಂಟು ಹತ್ತು ಪಟ್ಟು, ನಷ್ಟ ನೂರು ಪಟ್ಟು. ನೂರಕ್ಕೆ ಹತ್ತರ ನೂರು ಪಟ್ಟು ಎಂದರೆ ನೂರಕ್ಕೆ ಸಾವಿರ! ಕಳಿಸಿದ್ದರ ಹತ್ತು ಪಟ್ಟು ದಾರಿಯಲ್ಲೇ ಕಳೆದುಹೋಗಬೇಕು. ಅಂದರೆ ಕೋಲಾರಕ್ಕೆ ಏನೂ ತಲುಪುವುದಿಲ್ಲ. ಬೆಂಗಳೂರಿಗೆ 1905ರಲ್ಲಿ ದೀಪ ಬಂದದ್ದೂ ಇದೇ ಶಿವನಸಮುದ್ರದ ಕರೆಂಟಿನಿಂದ. 2013ರ ಕೊನೆಯ ದಿನ ದಕ್ಷಿಣ ಭಾರತದ ವಿದ್ಯುತ್ ಜಾಲವನ್ನು ಉಳಿದ ದೇಶದ ಜಾಲಕ್ಕೆ ಜೋಡಿಸಿದ ರಾಯಚೂರು–ಸೊಲ್ಲಾಪುರ ಮಾರ್ಗದ ವೋಲ್ಟೇಜು 7,65,000. ಲೆಕ್ಕ ಮಾತ್ರ ಜೂಲ್ ಮಾಡಿದ್ದೇ.

ಅದೇ ಲೆಕ್ಕವನ್ನು ಹೊಲದ ಕೊಳವೆಬಾವಿಗೆ ತನ್ನಿ. ಎಲೆಕ್ಟ್ರಿಷಿಯನ್ನರು ‘ಎರಡೂವರೆ ಎಂಎಂ’ ಎಂದು ಕರೆಯುವ ತಂತಿಯ ಅಡ್ಡಕೊಯ್ತದ ವಿಸ್ತೀರ್ಣ ಎರಡೂವರೆ ಚದರ ಮಿಲಿಮೀಟರ್. ಆ ತಾಮ್ರದ ತಂತಿಯ 300 ಮೀಟರಿನ ರೋಧ ಎರಡು ಓಮ್‌ಗಿಂತ ತುಸು ಹೆಚ್ಚು. ಬಾವಿಯ ಆಳವೂ ಸ್ಟಾರ್ಟರ್ ಪೆಟ್ಟಿಗೆಯ ದೂರವೂ ಸೇರಿದರೆ 300 ಮೀಟರ್ ಈಗ ದೊಡ್ಡ ಮಾತೇನಲ್ಲ. ಐದು ಎಚ್‌ಪಿಯ ತ್ರೀ ಫೇಸ್ ಮೋಟರು ಒಂದೊಂದು ತಂತಿಯಲ್ಲಿ ಸುಮಾರು 8 ಆಂಪಿಯರ್ ಎಳೆಯುತ್ತದೆ. ಎಂಟರ ವರ್ಗ 64, ಅದನ್ನು ಎರಡರಿಂದ ಗುಣಿಸಿ ಮೂರು ತಂತಿಗೆ ಕೂಡಿದರೆ ಹತ್ತಿರಹತ್ತಿರ 400 ವ್ಯಾಟ್. ಅಷ್ಟೂ ತಂತಿಯ ಕಾವಾಗಿ ಪೋಲಾಗುತ್ತದೆ, ಒಂದು ಹನಿಯನ್ನೂ ಮೇಲೆತ್ತುವುದಿಲ್ಲ. ಕೇಬಲ್ಲನ್ನು ನಾಲ್ಕು ಎಂಎಂಗೆ ಏರಿಸಿದರೆ ನಷ್ಟ 250 ವ್ಯಾಟಿಗೆ ಇಳಿಯುತ್ತದೆ.

ಈ ಲೆಕ್ಕವನ್ನು ಹೊಲದಲ್ಲಿ ಯಾರೂ ಮಾಡುವುದಿಲ್ಲ ಎಂಬುದಕ್ಕೆ ಕಾರಣವಿದೆ. ಕರ್ನಾಟಕದಲ್ಲಿ ಹತ್ತು ಎಚ್‌ಪಿ ತನಕದ ಪಂಪ್‌ಸೆಟ್ಟಿಗೆ ರೈತ ಬಿಲ್ಲು ಕಟ್ಟುವ ಹಾಗಿಲ್ಲ. ಪೋಲಾದ ಯೂನಿಟ್ಟು ಅವನ ಜೇಬಿಗೆ ತಾಗುವುದಿಲ್ಲ. ಸುಟ್ಟ ಮೋಟರು ಮಾತ್ರ ತಾಗುತ್ತದೆ. ಟೀಸಿಯಿಂದಲೇ, ಅಂದರೆ ಟ್ರಾನ್ಸ್‌ಫಾರ್ಮರಿನಿಂದಲೇ, ವೋಲ್ಟೇಜು ಕಡಿಮೆ ಬಂದು, ಕೇಬಲ್ಲಿನಲ್ಲಿ ಇನ್ನೊಂದಿಷ್ಟು ಸೋರಿದರೆ, ಮೋಟರು ಗೀಸರಿನಂತೆ ತೆಪ್ಪಗೆ ಕಡಿಮೆ ಕೆಲಸ ಮಾಡುತ್ತ ಕೂರುವುದಿಲ್ಲ. ಹೇರಿದ ನೀರನ್ನು ಎತ್ತಲೇಬೇಕಾದ್ದರಿಂದ ಹೆಚ್ಚು ಕರೆಂಟು ಎಳೆಯುತ್ತದೆ. ಕರೆಂಟು ನೂರಕ್ಕೆ 15ರಷ್ಟು ಏರಿದರೆ ವೈಂಡಿಂಗಿನ ಕಾವು ನೂರಕ್ಕೆ 32ರಷ್ಟು ಏರುತ್ತದೆ. ತಂತಿಯ ಮೇಲಿನ ಇನ್ಸುಲೇಷನ್ ಕರಗುತ್ತದೆ, ಸುರುಳಿ ಸುರುಳಿಗೆ ತಗುಲುತ್ತದೆ, ಮೋಟರು ರಿವೈಂಡಿಂಗ್ ಅಂಗಡಿ ಸೇರುತ್ತದೆ. ಕೇಬಲ್ಲಿನಲ್ಲಿ ಉಳಿಸಿದ ದುಡ್ಡು ಅಲ್ಲಿ ಖರ್ಚಾಗುತ್ತದೆ.

ಮೋಟರಿನ ವಿಷಯದಲ್ಲಿ ಇನ್ನೊಂದು ಎಚ್ಚರ. ಲೈನ್‌ಮನ್ ಟಾಂಗ್ ಟೆಸ್ಟರ್ ಹಿಡಿದು ಅಳೆದ ಆಂಪಿಯರನ್ನು ವೋಲ್ಟಿನಿಂದ ಗುಣಿಸಿದರೆ ನೇರವಾಗಿ ವ್ಯಾಟ್ ಸಿಗುವುದಿಲ್ಲ. ಎಸಿಯಲ್ಲಿ ವೋಲ್ಟೇಜು ಏರಿಳಿಯುವ ತಾಳಕ್ಕೆ ಮೋಟರಿನ ಕರೆಂಟು ತುಸು ಹಿಂದೆ ಬೀಳುತ್ತದೆ. ಹಾಗೆ ಹಿಂದೆ ಬಿದ್ದಷ್ಟಕ್ಕೆ ಕಡಿತ ಮಾಡಲು ಪವರ್ ಫ್ಯಾಕ್ಟರ್ ಎಂಬ, ಒಂದಕ್ಕಿಂತ ಚಿಕ್ಕ ಸಂಖ್ಯೆಯಿಂದ ಮತ್ತೊಮ್ಮೆ ಗುಣಿಸಬೇಕು. ಗೀಸರು, ಇಸ್ತ್ರಿ ಪೆಟ್ಟಿಗೆ, ಹಳೆಯ ಬಲ್ಬುಗಳಿಗೆ ಈ ತಲೆನೋವಿಲ್ಲ.

ನಮ್ಮ ಮೈಯ ಲೆಕ್ಕವೂ ಓಮ್‌ನದೇ. ಒಣಗಿದ ಕೈಯ ಚರ್ಮದ ರೋಧ ಹತ್ತಾರು ಸಾವಿರ ಓಮ್ ಇರಬಹುದು. ಒದ್ದೆ ಕೈಯಲ್ಲಿ ಸಾವಿರಕ್ಕೆ ಇಳಿಯಬಹುದು. 230 ಭಾಗಿಸು ಸಾವಿರ ಎಂದರೆ ಆಂಪಿಯರಿನ ಕಾಲುಭಾಗಕ್ಕೆ ಹತ್ತಿರ, ಹೃದಯ ನಿಲ್ಲಿಸಲು ಬೇಕಾದಷ್ಟು. ಕಾರಿನ ಬ್ಯಾಟರಿ ಅಡ್ಡಬಿದ್ದ ಸ್ಪ್ಯಾನರನ್ನು ಕೆಂಪಗೆ ಕಾಯಿಸಬಲ್ಲದು, ಆದರೆ ಮುಟ್ಟಿದ ಒಣಗೈಗೆ ಶಾಕ್ ಹೊಡೆಯುವುದಿಲ್ಲ. 12 ವೋಲ್ಟಿಗೆ ಚರ್ಮದ ರೋಧವೇ ಗೋಡೆ. ಮನೆಯ ಆರ್‌ಸಿಸಿಬಿ ಎಂಬ ರಕ್ಷಣಾ ಸ್ವಿಚ್ಚು ಆಂಪಿಯರಿನ ಸಾವಿರದ 30 ಪಾಲು ಭೂಮಿಗೆ ಸೋರಿದರೆ ಸಾಕು, ಕಟ್ ಮಾಡುತ್ತದೆ. ಎಂಸಿಬಿ ಇದೆಯಲ್ಲ ಎಂದು ಇದನ್ನು ಬಿಟ್ಟವರು ಗಮನಿಸಬೇಕು: ಕರೆಂಟು ಮಿತಿ ಮೀರಿದಾಗಷ್ಟೇ ಬೀಳುವ ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ.

ತಂತಿಯನ್ನಾದರೂ ಅದು ಎಲ್ಲ ಕಾಲಕ್ಕೂ ಕಾಯುತ್ತದೆಯೇ? ಗೀಸರಿನ ಪ್ಲಗ್ಗಿನ ಪಿನ್ನು ಸಾಕೆಟ್ಟಿನೊಳಗೆ ಬಿಗಿಯಾಗಿ ಕೂತಾಗ ಆ ಜೋಡಣೆಯ ರೋಧ ಓಮ್‌ನ ಸಾವಿರದ ಕೆಲವು ಪಾಲು. ಐದು ಪಾಲು ಎಂದರೂ 8.7ರ ವರ್ಗದಿಂದ ಗುಣಿಸಿದಾಗ ಬರುವುದು ಅರ್ಧ ವ್ಯಾಟಿಗಿಂತ ಕಡಿಮೆ. ವರ್ಷಗಳು ಕಳೆದು ಸಾಕೆಟ್ಟಿನ ಹಿತ್ತಾಳೆಯ ಹಿಡಿಕೆ ಸಡಿಲವಾಗಿ, ಮೇಲೆ ಕಿಲುಬು ಕೂತು, ಅದೇ ಜೋಡಣೆ ಅರ್ಧ ಓಮ್ ಆಯಿತು ಎನ್ನಿ. ಒಟ್ಟು ರೋಧ 26.5ರಿಂದ 27ಕ್ಕೆ ಏರಿತು, ಕರೆಂಟು 8.7ರಿಂದ 8.5ಕ್ಕೆ ಇಳಿಯಿತು. ನೀರು ಕಾಯಲು ಒಂದು ನಿಮಿಷವೂ ಹೆಚ್ಚು ಹಿಡಿಯುವುದಿಲ್ಲ. ಮನೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಎಂಸಿಬಿಗಂತೂ ಕರೆಂಟು ಕಡಿಮೆಯಾದದ್ದೇ ಕಾಣುತ್ತದೆ, ಅದು ಯಾಕೆ ಬಿದ್ದೀತು? ಆದರೆ 8.5ರ ವರ್ಗವನ್ನು ಅರ್ಧದಿಂದ ಗುಣಿಸಿ ನೋಡಿ: 36 ವ್ಯಾಟ್. ರೇಡಿಯೋ ರಿಪೇರಿಯವರು ಸೀಸ ಕರಗಿಸಲು ಬಳಸುವ ಸೋಲ್ಡರಿಂಗ್ ಕಡ್ಡಿ 25 ವ್ಯಾಟಿನದು. ಅದಕ್ಕಿಂತ ಹೆಚ್ಚಿನ ಕಾವು ಬಟಾಣಿ ಗಾತ್ರದ ಜಾಗದಲ್ಲಿ, ಪ್ಲಾಸ್ಟಿಕ್ಕಿನ ನಡುವೆ, ಗೋಡೆಯೊಳಗೆ ಕೂತಿರುತ್ತದೆ.

ಗೀಸರು ಹತ್ತು ನಿಮಿಷ ಓಡಿದ ಮೇಲೆ ಸ್ವಿಚ್ ಆರಿಸಿ, ಒಣಗಿದ ಕೈಯಿಂದ ಪ್ಲಗ್ಗಿನ ಬೆನ್ನನ್ನು ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಚಿಂತೆಯಿಲ್ಲ. ಕೈ ಇಡಲಾಗದಷ್ಟು ಬಿಸಿಯಿದ್ದರೆ, ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದಿದ್ದರೆ, ಎಲೆಕ್ಟ್ರಿಷಿಯನ್ ಬಂದು ಸಾಕೆಟ್ಟನ್ನೂ ಪ್ಲಗ್ಗನ್ನೂ ಬದಲಿಸುವ ತನಕ ಒಲೆಯ ಮೇಲೆ ನೀರು ಕಾಯಿಸಿಕೊಳ್ಳಿ.